ಬೋಳುಗಲ್ಲಿನ ಕಾಡು

ಹೊಳೆನಾಡು ಅಂತ ಒಂದು ರಾಜ್ಯ ಇತ್ತು, ಮಕ್ಕಳೇ. ಆ ರಾಜ್ಯದಲ್ಲಿ ಒಂದು ದೊಡ್ಡ ಕಾಡಿತ್ತು. ಕಾಡು ಅಂದರೆ ಹತ್ತು ಮರದ ತೋಪಲ್ಲ. ಒಳಗೆ ಕಾಲಿಟ್ಟರೆ ನಡುಮಧ್ಯಾಹ್ನಕ್ಕೂ ಮುಸ್ಸಂಜೆಯ ಬೆಳಕು, ಅಂಥ ಕಾಡು. ಆ ಕಾಡಿನ ನಡುವೆ ಒಂದು ನಂದಿಮರ. ಆ ನಂದಿಮರದಲ್ಲಿ ಒಂದು ಪೊಟರೆ. ಆ ಪೊಟರೆಯಲ್ಲಿ ಒಂದು ಮಂಗಟ್ಟೆ ಹಕ್ಕಿಯ ಸಂಸಾರ.

ಗಂಡನ ಹೆಸರು ಹಳದಪ್ಪ. ಅವನ ಕೊಕ್ಕು ಅರಿಶಿನ ತೇಯ್ದು ಹಚ್ಚಿದ ಹಾಗೆ ಹಳದಿ, ಅದಕ್ಕೇ ಆ ಹೆಸರು. ಹೆಂಡತಿಯ ಹೆಸರು ಕೆಂಚವ್ವ. ಹಳದಪ್ಪ ಬಲು ಮರ್ಯಾದಸ್ಥ ಹಕ್ಕಿ. ಯಾರನ್ನು ಕಂಡರೂ ತಲೆ ಬಾಗಿಸಿ ಮಾತಾಡುವವನು. ಕೆಂಚವ್ವ ಹಾಗಲ್ಲ. ಅವಳ ನಾಲಿಗೆ ಅವಳ ಕೊಕ್ಕಿಗಿಂತ ಚೂಪು.

ಈಗ ಮಂಗಟ್ಟೆಗಳ ಒಂದು ಪದ್ಧತಿಯನ್ನು ಹೇಳಲೇಬೇಕು. ಅದು ತಿಳಿಯದಿದ್ದರೆ ಮುಂದಿನ ಕಥೆ ತಿಳಿಯುವುದಿಲ್ಲ. ಮೊಟ್ಟೆ ಇಡುವ ಕಾಲ ಬಂದರೆ ಹೆಣ್ಣು ಮಂಗಟ್ಟೆ ಪೊಟರೆಯ ಒಳಗೆ ಹೋಗಿ ಕೂರುತ್ತದೆ. ಕೂತು, ಬಾಗಿಲಿಗೆ ಮಣ್ಣು, ಹಿಕ್ಕೆ, ಹಣ್ಣಿನ ತಿರುಳು ಎಲ್ಲ ಸೇರಿಸಿ ಮೆತ್ತಿ ಮುಚ್ಚಿಬಿಡುತ್ತದೆ. ಹಾವು ಬರಬಾರದು, ಹದ್ದು ಬರಬಾರದು ಅಂತ. ಒಂದು ಸಣ್ಣ ಸೀಳು ಮಾತ್ರ ಉಳಿಯುತ್ತದೆ. ಗಂಡು ಹೊರಗಿನಿಂದ ಹಣ್ಣು ತಂದು ಆ ಸೀಳಿನಲ್ಲಿ ಕೊಡಬೇಕು. ಒಳಗೆ ಕೂತ ಹೆಣ್ಣಿನ ರೆಕ್ಕೆಯ ಗರಿಗಳು ಉದುರಿಹೋಗುತ್ತವೆ. ಹೊಸ ಗರಿ ಬರುವವರೆಗೆ ಅದು ಹಾರಲಾರದು. ಅಂದರೆ, ಆ ಹೊತ್ತಿನಲ್ಲಿ ಮರ ಬಿದ್ದರೆ ತಾಯಿಯೂ ಹೋಯಿತು, ಮರಿಯೂ ಹೋಯಿತು. ಇಷ್ಟನ್ನು ನೆನಪಿಟ್ಟುಕೊಳ್ಳಿ.

ಅಮಾವಾಸ್ಯೆ ಕಳೆದ ಮರುದಿನ ಬೆಳಿಗ್ಗೆ ನಂದಿಮರದ ಬುಡಕ್ಕೆ ಕೊಡಲಿಯವರು ಬಂದರು. ಮರವನ್ನು ತಬ್ಬಿ ಅಳತೆ ನೋಡಿದರು. ತೊಗಟೆಯ ಮೇಲೆ ಒಂದು ಸುಣ್ಣದ ಬೊಟ್ಟು ಇಟ್ಟರು. ಅವರ ಮೇಸ್ತ್ರಿ ಗುಡ್ಡಯ್ಯ ಅನ್ನುವವನು ಉಳಿದವರಿಗೆ, ಹುಣ್ಣಿಮೆ ಕಳೆದ ಮರುದಿನ ಇದನ್ನು ಕೆಡವೋಣ ಅಂತ ಹೇಳಿ ಮುಂದಿನ ಮರಕ್ಕೆ ಹೋದ. ಮೇಲಿನ ಕೊಂಬೆಯಲ್ಲಿ ಕೂತಿದ್ದ ಹಳದಪ್ಪ ಇದನ್ನೆಲ್ಲ ಕೇಳಿಸಿಕೊಂಡ. ಅವನ ಬಾಯಲ್ಲಿದ್ದ ಅತ್ತಿಹಣ್ಣು ಕೆಳಗೆ ಬಿತ್ತು.

ಹೆಂಡತಿಗೆ ಹೇಳುವುದೋ ಬೇಡವೋ ಅಂತ ಮೂರು ಸಲ ಕೊಂಬೆ ಬದಲಿಸಿದ. ಆಮೇಲೆ ಸೀಳಿನ ಹತ್ತಿರ ಬಂದು ಹೇಳಿದ. ಬಾಗಿಲು ಒಡೆದು ಹೊರಗೆ ಬಂದುಬಿಡು, ನಡೆದಾದರೂ ಬೇರೆ ಕಡೆ ಹೋಗೋಣ ಅಂದ.

“ನಡೆದು ಹೋಗೋದಕ್ಕೆ ನಾನೇನು ಕೋಳಿಯೇ?” ಅಂದಳು ಕೆಂಚವ್ವ ಒಳಗಿನಿಂದ. “ಮೊಟ್ಟೆ ಒಡೆದು ನಾಲ್ಕು ದಿನ ಆಗಿಲ್ಲ. ಮಗುವಿನ ಮೈಮೇಲೆ ಒಂದು ಗರಿ ಇಲ್ಲ. ನಾನು ಕದಲುವುದಿಲ್ಲ ಕಣ್ರೀ. ಕದಲಬೇಕಾದವರು ಅವರು. ಯಾರನ್ನು ಕೇಳಿ ಸುಣ್ಣ ಹಚ್ಚಿದಿರಿ ಅಂತ ಹೋಗಿ ಕೇಳಿಕೊಂಡು ಬನ್ನಿ.”

ಯಾರನ್ನು ಕೇಳಬೇಕು? ಅದನ್ನು ತಿಳಿಯಲು ಆ ಕಾಲದ ಕಾನೂನನ್ನು ಸ್ವಲ್ಪ ಹೇಳಬೇಕು. ಬೇಸರ ಮಾಡಿಕೊಳ್ಳಬೇಡಿ, ಚಿಕ್ಕದೇ ಇದೆ.

ಒಂಬತ್ತು ರಾಜ್ಯಗಳು ಸೇರಿ ಕಡಲತೀರದ ಪಟ್ಟಣದಲ್ಲಿ ಒಂದು ವನಸಭೆ ಮಾಡಿಕೊಂಡಿದ್ದವು. ಕಾಡೆಲ್ಲ ಬರಿದಾಗುತ್ತಿದೆ ಅಂತ ಅವರಿಗೂ ಹೆದರಿಕೆ ಆಗಿತ್ತು. ಅದು ನಿಜವಾದ ಹೆದರಿಕೆಯೇ, ನಾಟಕವಲ್ಲ. ಅದಕ್ಕೆ ಅವರು ಹನ್ನೊಂದು ನಿಯಮ ಬರೆದರು. ಮೊದಲನೆಯದು, ಮುದ್ರೆಯಿಲ್ಲದ ದಿಮ್ಮಿಯನ್ನು ಒಂಬತ್ತು ರಾಜ್ಯಗಳಲ್ಲಿ ಯಾರೂ ಮಾರಬಾರದು, ಯಾರೂ ಕೊಳ್ಳಬಾರದು. ಎರಡನೆಯದು, ಮರ ಯಾವ ರಾಜ್ಯದಲ್ಲಿ ಬೆಳೆಯಿತೋ ಆ ರಾಜ್ಯದ ರಾಜನೇ ಮುದ್ರೆ ಒತ್ತಬೇಕು. ಮುದ್ರೆ ಒತ್ತಿದ ಅಂದರೆ, ಈ ಮರ ನನ್ನ ನೆಲದಲ್ಲಿ ಬೆಳೆದದ್ದು, ಕಾಡಿಗೆ ಕೇಡಾಗದ ಹಾಗೆ ಕಡಿದದ್ದು ಅಂತ ಅವನು ಮಾತು ಕೊಟ್ಟ ಹಾಗೆ. ಮೂರನೆಯದು, ರಾಜ ಕೊಟ್ಟ ಮಾತನ್ನು ಯಾರೂ ಪರೀಕ್ಷೆ ಮಾಡಬಾರದು. ಮಾಡಿದರೆ ರಾಜರಿಗೆ ಅವಮಾನ.

ಕೇಳಲು ಚೆನ್ನಾಗಿಯೇ ಇದೆ. ಆದರೆ ಮುದ್ರೆ ನೋಡುವವರು ಇರುವುದು ಬಂದರಿನಲ್ಲಿ. ಮರ ಇರುವುದು ಕಾಡಿನಲ್ಲಿ. ಇವೆರಡರ ನಡುವಿನ ದಾರಿಯನ್ನು ಯಾರೂ ನೋಡುತ್ತಿರಲಿಲ್ಲ.

ಆ ನಡುವಿನ ದಾರಿಯಲ್ಲೇ ಬೋಳುಗಲ್ಲು ಅನ್ನುವ ಇನ್ನೊಂದು ರಾಜ್ಯ ಇತ್ತು. ಹೊಳೆನಾಡಿನಿಂದ ಹೊಳೆ ಇಳಿದು ಹೋಗುವುದು ಅಲ್ಲಿಗೇ. ಬೋಳುಗಲ್ಲಿನಲ್ಲಿ ಬರೀ ಬಂಡೆ. ಇಡೀ ರಾಜ್ಯಕ್ಕೆ ಒಂದೇ ಮರ, ಅರಮನೆಯ ಹಿತ್ತಿಲಿನ ನುಗ್ಗೆಮರ. ನುಗ್ಗೆಮರ ಎಂಥದ್ದು ಅಂತ ನಿಮಗೆ ಗೊತ್ತು, ಬೆಕ್ಕು ಹತ್ತಿದರೂ ಕೊಂಬೆ ಲಟಕ್ಕೆಂದು ಮುರಿಯುತ್ತದೆ. ಅಂಥ ರಾಜ್ಯದ ದೊರೆ ಶಿಲಾವರ್ಮ. ಅವನ ಪಕ್ಕದಲ್ಲೇ ಕೂತು ಕಿವಿಯಲ್ಲಿ ಮಾತಾಡುವವನು ಧನಗುಪ್ತ ಅನ್ನುವ ಮರದ ವ್ಯಾಪಾರಿ.

ಧನಗುಪ್ತನ ಆಳುಗಳು ಹೊಳೆನಾಡಿನಲ್ಲಿ ಮರ ಕಡಿಯುತ್ತಿದ್ದರು. ದಿಮ್ಮಿಗಳನ್ನು ಹೊಳೆಗೆ ಉರುಳಿಸುತ್ತಿದ್ದರು. ದಿಮ್ಮಿಗಳು ತೇಲಿ ಬೋಳುಗಲ್ಲಿನ ಕಟ್ಟೆಗೆ ಬಂದು ತಗುಲುತ್ತಿದ್ದವು. ಅಲ್ಲಿ ಅವುಗಳ ಮೇಲೆ ‘ಬೋಳುಗಲ್ಲಿನ ಕಾಡಿನಲ್ಲಿ ಬೆಳೆದದ್ದು’ ಅಂತ ಮುದ್ರೆ ಬೀಳುತ್ತಿತ್ತು. ಇಲ್ಲದ ಕಾಡಿನ ಹೆಸರಿನಲ್ಲಿ ಹನ್ನೆರಡು ಸಾವಿರ ದಿಮ್ಮಿಗಳು ಬಂದರಿಗೆ ಹೋಗಿ ಮಾರಾಟವಾಗಿದ್ದವು.

ಹಳದಪ್ಪ ನೆರೆಮನೆಯ ಕೆಂದಳಿಲಿಗೆ, ನಾನು ಬರುವವರೆಗೆ ನಮ್ಮವಳಿಗೆ ಹಣ್ಣು ಕೊಡು ತಾಯಿ ಅಂತ ಹೇಳಿ ಹೊರಟ.

ಮೊದಲು ಹೊಳೆನಾಡಿನ ದೊರೆ ಸೋಮರಸನ ಹತ್ತಿರ ಹೋದ. ನಮ್ಮ ರಾಜನಲ್ಲವೇ, ನಮ್ಮ ಕಷ್ಟ ಅವನಿಗೆ ತಿಳಿಯದೇ ಇರುತ್ತದೆಯೇ ಅಂತ. ಕಿಟಕಿಯ ಮೇಲೆ ಕೂತು ತಲೆ ಬಾಗಿಸಿ, ನಿಮ್ಮ ಕಾಡನ್ನು ಕಡಿಯುತ್ತಿದ್ದಾರೆ ದೊರೆಯೇ ಅಂದ. ಸೋಮರಸ ನಕ್ಕುಬಿಟ್ಟ. ಮೈಮೇಲಿದ್ದ ಒಂದು ರೇಷ್ಮೆ ಶಾಲನ್ನು ಮುಟ್ಟಿ ತೋರಿಸಿದ. ಕಾಡನ್ನು ಬಹಳ ಚೆನ್ನಾಗಿ ಕಾಪಾಡಿದ ರಾಜ ಅಂತ ವನಸಭೆಯವರು ಹೊದಿಸಿದ ಶಾಲು ಅದು.

“ನನ್ನ ಮುದ್ರೆ ಇರುವ ದಿಮ್ಮಿ ಒಂದಾದರೂ ಬಂದರಿಗೆ ಹೋಗಿದೆಯೇ?” ಅಂತ ಕೇಳಿದ.

“ಇಲ್ಲ ದೊರೆಯೇ.”

“ಹಾಗಾದರೆ ನನ್ನ ಕಾಡಿನಲ್ಲಿ ಒಂದು ಮರವೂ ಬಿದ್ದಿಲ್ಲ. ಹೋಗಿ ಬಾ.”

ಹಳದಪ್ಪ ಮನೆಗೆ ಬಂದು ಹೆಂಡತಿಗೆ ಹೇಳಿದ. ಶಾಲು ಹೊದ್ದವನಿಗೆ ಕಿವಿಯೂ ಮುಚ್ಚಿಹೋಗಿರಬೇಕು ಅಂತ ಅವಳು ಅಂದಳು.

ಎರಡನೆಯ ಸಲ ಬೋಳುಗಲ್ಲಿನ ಕಟ್ಟೆಗೆ ಹೋದ. ಅಲ್ಲಿ ಮುದ್ರೆಯ ಗುಮಾಸ್ತ ಒಬ್ಬ ಕಬ್ಬಿಣದ ಸುತ್ತಿಗೆ ಹಿಡಿದು ಕೂತಿದ್ದ. ಸುತ್ತಿಗೆಯ ಮುಖದಲ್ಲೇ ಮುದ್ರೆ ಕೆತ್ತಿತ್ತು. ದಿಮ್ಮಿ ಬಂದ ಹಾಗೆ ಠಣ್ ಅಂತ ಒಂದು ಏಟು. ಇನ್ನೊಂದು ದಿಮ್ಮಿ, ಇನ್ನೊಂದು ಏಟು. ಹಳದಪ್ಪ ತಲೆ ಬಾಗಿಸಿ, ಅಯ್ಯಾ, ಸುತ್ತ ಒಮ್ಮೆ ನೋಡಿ, ಇಲ್ಲಿ ಮರ ಎಲ್ಲಿದೆ, ಈ ದಿಮ್ಮಿ ಎಲ್ಲಿಂದ ಬಂತು ಅಂತ ಕೇಳಿದ.

ಗುಮಾಸ್ತ ಕೆಟ್ಟವನಲ್ಲ. ಕೋಪವನ್ನೂ ಮಾಡಿಕೊಳ್ಳಲಿಲ್ಲ. ದಿಮ್ಮಿ ಎಲ್ಲಿಂದ ಬಂತು ಅನ್ನುವುದನ್ನು ವ್ಯಾಪಾರಿಯೇ ಬರೆದುಕೊಟ್ಟಿರುತ್ತಾನೆ, ಅದನ್ನು ನೋಡುವುದು ತನ್ನ ಕೆಲಸವಲ್ಲ ಅಂದ. ಮತ್ತೆ ನಿಮ್ಮ ಕೆಲಸ ಏನು ಅಂತ ಹಳದಪ್ಪ ಕೇಳಿದ.

“ಮುದ್ರೆಯ ಅಕ್ಷರ ಚೆನ್ನಾಗಿ ಮೂಡಿದೆಯೋ ಇಲ್ಲವೋ ನೋಡುವುದು,” ಅಂದ ಗುಮಾಸ್ತ. “ಇಲ್ಲಿ ನೋಡು, ಎಷ್ಟು ಮುದ್ದಾಗಿ ಮೂಡಿದೆ.”

ಮೂರನೆಯ ಸಲ ಕಡಲತೀರದ ಪಟ್ಟಣಕ್ಕೇ ಹೋದ. ಒಂದು ದಿನ ಪೂರ್ತಿ ಹಾರಿ ವನಸಭೆಯ ಮಂದಿರ ಸೇರಿದ. ಎಂಥ ಮಂದಿರ ಅಂತೀರಿ. ಕಂಬ ಮರದ್ದು, ತೊಲೆ ಮರದ್ದು, ನೆಲಕ್ಕೂ ಮರದ ಹಲಗೆ. ಒಂಬತ್ತು ರಾಜ್ಯಗಳ ಒಂಬತ್ತು ಪ್ರತಿನಿಧಿಗಳು ಒಂಬತ್ತು ಪೀಠಗಳಲ್ಲಿ ಕೂತಿದ್ದರು. ಹಳದಪ್ಪ ನೆಲಕ್ಕೆ ಕೊಕ್ಕು ಮುಟ್ಟುವ ಹಾಗೆ ಬಾಗಿ ತನ್ನ ಮರದ ಕಥೆ ಹೇಳಿದ. ಹೆಂಡತಿ ಒಳಗಿದ್ದಾಳೆ ಅಂದ. ಮಗುವಿಗೆ ಗರಿ ಬಂದಿಲ್ಲ ಅಂದ. ಹುಣ್ಣಿಮೆಯ ಮರುದಿನ ಕೆಡವುತ್ತಾರೆ ಅಂದ.

ಸಭಾಪತಿ ತುಂಬಾ ಮರುಗಿದರು. ಆಮೇಲೆ, ಆ ಮರ ಈಗ ನಿಂತಿದೆಯೋ ಬಿದ್ದಿದೆಯೋ ಅಂತ ಕೇಳಿದರು. ನಿಂತಿದೆ ಅಂದ. ನಿಂತ ಮರ ದಿಮ್ಮಿಯಲ್ಲ, ನಮ್ಮ ನಿಯಮಗಳೆಲ್ಲ ದಿಮ್ಮಿಗೆ, ಅದಕ್ಕೆ ಅದು ನಮಗೆ ಸೇರಿದ್ದಲ್ಲ ಅಂದರು. ಬಿದ್ದ ಮೇಲೆ ಬರಲೇ ಅಂತ ಕೇಳಿದ. ಬಿದ್ದ ಮೇಲೆ ಅದರ ಮೇಲೆ ಬೋಳುಗಲ್ಲಿನ ಮುದ್ರೆ ಇರುತ್ತದಲ್ಲ, ಮುದ್ರೆ ಇದ್ದರೆ ತಪ್ಪೇ ಇಲ್ಲ ಅಂದರು. ಅಂದರೆ ಏನಾಯಿತು ನೋಡಿ. ಬೀಳುವ ಮೊದಲು ಅದು ಅವರ ವಿಷಯವಲ್ಲ. ಬಿದ್ದ ಮೇಲೆ ವಿಷಯವೇ ಇಲ್ಲ.

“ಆದರೆ ಬೋಳುಗಲ್ಲಿನಲ್ಲಿ ಕಾಡೇ ಇಲ್ಲ, ಸ್ವಾಮಿ,” ಅಂದ ಹಳದಪ್ಪ.

“ಇದೆ ಅಂತ ಅಲ್ಲಿನ ರಾಜರೇ ಹೇಳಿದ್ದಾರೆ,” ಅಂದರು ಸಭಾಪತಿ. “ರಾಜರು ಹೇಳಿದ್ದನ್ನು ನಾವು ಒಪ್ಪಲೇಬೇಕು. ನೀನು ಹಕ್ಕಿ. ಇಲ್ಲಿ ದೂರು ಕೊಡಲು ರಾಜನೇ ಆಗಿರಬೇಕು.”

ಹಳದಪ್ಪ ಹೊರಗೆ ಬಂದು ಮಂದಿರದ ಮೆಟ್ಟಿಲ ಮೇಲೆ ಕೂತ. ಮೂರು ಕಡೆ ಬಾಗಿ ಬಾಗಿ ಅವನ ಕತ್ತು ನೋಯುತ್ತಿತ್ತು. ಆಗ ಮೆಟ್ಟಿಲ ಸಂದಿಯಿಂದ ಒಂದು ಸಣ್ಣ ದನಿ, ಒಂಬತ್ತನೆಯ ನಿಯಮ ಕೇಳಿದ್ದೀಯಾ ಅಣ್ಣಾ ಅಂತ. ನೋಡಿದರೆ ಒಂದು ಗೆದ್ದಲು.

“ನಿನಗೆ ಹೇಗೆ ಗೊತ್ತು?” ಅಂದ ಹಳದಪ್ಪ.

“ತಿಂದಿದ್ದೇನೆ,” ಅಂದಿತು ಗೆದ್ದಲು. “ಈ ಮಂದಿರದ ಓಲೆಗಳನ್ನೆಲ್ಲ ತಿಂದಿದ್ದೇನೆ. ಗಾಬರಿಯಾಗಬೇಡ, ಒಂಬತ್ತು ಅರಮನೆಗಳಲ್ಲಿ ಒಂಬತ್ತು ಪ್ರತಿ ಇವೆ. ಇಲ್ಲಿನವರು ಮೂರನೆಯ ನಿಯಮದಿಂದ ಮುಂದಕ್ಕೆ ಓದಿಯೇ ಇಲ್ಲ. ಒಂಬತ್ತನೆಯದು ಓದಲು ಚೆನ್ನಾಗಿರಲಿ ಅಂತ ಬರೆದದ್ದು. ರುಚಿಯೂ ಚೆನ್ನಾಗಿತ್ತು.”

ಆಮೇಲೆ ಅದು ಒಂಬತ್ತನೆಯ ನಿಯಮವನ್ನು ಒಂದಕ್ಷರ ಬಿಡದೆ ಹೇಳಿತು. ಯಾವ ರಾಜ್ಯದಲ್ಲಿ ಕಾಡಿದೆಯೋ ಆ ರಾಜ್ಯದಲ್ಲಿ ಕಾಡಿನ ಜೀವಿಗಳೆಲ್ಲ ನಿರ್ಭಯವಾಗಿ ಬಾಳಬಹುದು. ಅವುಗಳನ್ನು ಓಡಿಸಿದ ರಾಜನ ಮುದ್ರೆ ಅಂದಿಗೇ ರದ್ದು.

ಹಳದಪ್ಪ ಅದನ್ನು ಬಾಯಿಪಾಠ ಮಾಡಿಕೊಂಡು ಹಾರಿದ. ಹಾರುತ್ತಾ ಹಾರುತ್ತಾ ಯೋಚನೆ ಮಾಡಿದ. ರಾಜ ಹೇಳಿದ್ದನ್ನು ಸಭೆ ಒಪ್ಪಲೇಬೇಕು. ಬೋಳುಗಲ್ಲಿನಲ್ಲಿ ಕಾಡಿಲ್ಲ ಅಂತ ನಾನು ಹೇಳಿದರೆ ಆಗದು, ಸಾವಿರ ಜನ ಹೇಳಿದರೂ ಆಗದು. ಶಿಲಾವರ್ಮನೇ ಹೇಳಬೇಕು. ಅವನ ಬಾಯಲ್ಲೇ ಹೇಳಿಸಬೇಕು. ಹೇಗೆ?

ಮನೆಗೆ ಬಂದು ಎಲ್ಲವನ್ನೂ ಕೆಂಚವ್ವನ ಮುಂದೆ ಇಟ್ಟ. ಒಳಗೆ ಮರಿ ಕಿಚಕಿಚ ಅನ್ನುತ್ತಿತ್ತು.

“ಬೇಡಿದ್ದು ಸಾಕು,” ಅಂದಳು. “ಮೂರು ಬಾಗಿಲಿಗೆ ಹೋಗಿ ಬಗ್ಗಿದ್ದೀರಿ, ಮೂರೂ ಕಡೆ ಬೆನ್ನು ತಟ್ಟಿ ಕಳಿಸಿದರು. ಅವನ ರಾಜ್ಯದಲ್ಲಿ ಕಾಡಿದೆ ಅಂತ ಅವನೇ ಬರೆದಿದ್ದಾನೆ ತಾನೇ? ಮತ್ತೆ ನಾವು ಇಲ್ಲಿ ಯಾಕೆ ಇದ್ದೇವೆ? ಎಲ್ಲರೂ ಅಲ್ಲಿಗೇ ಹೋಗಿ ಇರಿ. ಬಗ್ಗಬೇಡಿ. ನೆಟ್ಟಗೆ ಹೋಗಿ.”

ಹಳದಪ್ಪ ಆ ಕ್ಷಣವೇ ಆನೆಗಳ ಹಿರಿಯಳಾದ ತುಂಗಜ್ಜಿಯ ಹತ್ತಿರ ಹೋದ. ತುಂಗಜ್ಜಿಯ ಹಿಂಡಿನಲ್ಲಿ ಮೂವತ್ತೆರಡು ಆನೆಗಳು. ಅವು ತಿನ್ನುತ್ತಿದ್ದ ಬಿದಿರು ಹೋಗಿತ್ತು, ಅವು ನಿಲ್ಲುತ್ತಿದ್ದ ನೆರಳು ಹೋಗಿತ್ತು. ತುಂಗಜ್ಜಿ ಎಲ್ಲವನ್ನೂ ಕೇಳಿ, ಸೊಂಡಿಲಿನಿಂದ ಬೆನ್ನ ಮೇಲೆ ಮಣ್ಣು ಎರಚಿಕೊಂಡು, ಹೊರಡೋಣ ಮಗಾ ಅಂದಳು. ಗೂಡು ಕಳೆದುಕೊಂಡ ಹೆಜ್ಜೇನುಗಳು ಬಂದವು. ಗುಹೆ ಕಳೆದುಕೊಂಡ ಕರಡಿಯೊಂದು ಮರಿ ಕಟ್ಟಿಕೊಂಡು ಬಂತು. ಮುಸುವ ಕೋತಿಗಳು ಯಾರೂ ಕರೆಯದೆಯೇ ಬಂದವು.

ಹೊರಡುವ ಮೊದಲು ತುಂಗಜ್ಜಿ ಎಲ್ಲರಿಗೂ ಒಂದು ಮಾತು ಹೇಳಿದಳು. “ದಾರಿಯಲ್ಲಿ ಯಾರ ಗುಡಿಸಲನ್ನೂ ಮುಟ್ಟಬಾರದು. ಯಾರ ಬೆಳೆಗೂ ಬಾಯಿ ಹಾಕಬಾರದು. ಒಬ್ಬರ ಕೂದಲೂ ಕೊಂಕಬಾರದು. ಅರಮನೆಗೆ ಮಾತ್ರ ಹೋಗಬೇಕು, ಅಲ್ಲೇ ಇರಬೇಕು. ಮುದ್ರೆಯ ಒಡೆಯ ಇರುವುದು ಅರಮನೆಯಲ್ಲಿ.”

ಎರಡು ದಿನ ನಡೆದು ಬೋಳುಗಲ್ಲು ಸೇರಿದರು. ಹುಣ್ಣಿಮೆಗೆ ಇನ್ನು ಏಳೇ ದಿನ.

ಮೊದಲನೆಯ ದಿನ ಮೂವತ್ತೆರಡು ಆನೆಗಳು ಅರಮನೆಯ ಹಿತ್ತಿಲಿಗೆ ಬಂದು ನಿಂತವು. ಮಾಡಲು ಬೇರೆ ಏನೂ ಇರಲಿಲ್ಲವಾದ್ದರಿಂದ ಆ ನುಗ್ಗೆಮರವನ್ನು ತಿಂದವು. ಆಮೇಲೆ ಅರಮನೆಯ ಕೊಳದ ನೀರನ್ನು ಕುಡಿದವು. ಪೂರ್ತಿ ಕುಡಿದವು. ಶಿಲಾವರ್ಮ ಉಪ್ಪರಿಗೆಯ ಮೇಲೆ ನಿಂತು ಇದನ್ನು ನೋಡಿ ಸೈನಿಕರನ್ನು ಕರೆದ, ಈಟಿ ತನ್ನಿ, ತಮಟೆ ತನ್ನಿ, ಇವನ್ನು ಓಡಿಸಿ ಅಂದ.

ಹಳದಪ್ಪ ಹಾರಿಬಂದು ಉಪ್ಪರಿಗೆಯ ಕಟಾಂಜನದ ಮೇಲೆ ಕೂತ. ಈ ಸಲ ತಲೆ ಬಾಗಿಸಲಿಲ್ಲ.

“ಓಡಿಸಿ ದೊರೆಯೇ,” ಅಂದ. “ಓಡಿಸಿದರೆ ಒಂಬತ್ತನೆಯ ನಿಯಮದ ಪ್ರಕಾರ ನಿಮ್ಮ ಮುದ್ರೆ ರದ್ದು. ನಂಬಿಕೆ ಇಲ್ಲದಿದ್ದರೆ ನಿಮ್ಮ ಪೆಟ್ಟಿಗೆಯಲ್ಲಿರುವ ಓಲೆ ತೆಗೆಸಿ ಓದಿಸಿ.”

ಓಲೆ ತೆಗೆಸಿದರು. ಓದಿಸಿದರು. ಹಳದಪ್ಪ ಹೇಳಿದ ಹಾಗೇ ಇತ್ತು. ಸೈನಿಕರು ಈಟಿ ಕೆಳಗಿಟ್ಟರು.

“ಅದು ಕಾಡು ಇರುವ ರಾಜ್ಯಕ್ಕೆ,” ಅಂದ ಶಿಲಾವರ್ಮ. “ಇಲ್ಲಿ ಎಲ್ಲಿದೆಯೋ ಕಾಡು? ನಿನಗೆ ಕಣ್ಣು ಕಾಣುವುದಿಲ್ಲವೇ?”

“ನನಗೆ ಕಾಣುತ್ತಿಲ್ಲ. ಆದರೆ ಇದೆ ಅಂತ ನೀವು ಹನ್ನೆರಡು ಸಾವಿರ ಸಲ ಮುದ್ರೆ ಒತ್ತಿದ್ದೀರಿ. ಇಲ್ಲ ಅನ್ನುವುದಾದರೆ ಸಭೆಗೆ ಹಾಗಂತ ಬರೆದುಬಿಡಿ, ನಾವು ಈಗಲೇ ಹೊರಟೆವು.”

ರಾಜ ಬಾಯಿ ತೆರೆದ. ಧನಗುಪ್ತ ಓಡಿಬಂದು ಅವನ ತೋಳು ಹಿಡಿದ. ಏನೇ ಆದರೂ ಕಾಡಿಲ್ಲ ಅಂತ ಬರೆಯಬೇಡಿ ಮಹಾಪ್ರಭು, ಬರೆದರೆ ಇಷ್ಟು ವರ್ಷದ ನಮ್ಮ ಗುಟ್ಟು ಬಯಲಾಗುತ್ತದೆ, ಎರಡು ದಿನ ಸಹಿಸಿಕೊಳ್ಳಿ, ತಿನ್ನಲು ಇಲ್ಲದೆ ಅವೇ ಹೋಗುತ್ತವೆ ಅಂತ ಕಿವಿಯಲ್ಲಿ ಹೇಳಿದ. ರಾಜ ಬಾಯಿ ಮುಚ್ಚಿಕೊಂಡ.

ತಿನ್ನಲು ಇಲ್ಲದೆ ಇರುವುದು ಆನೆಗಳಿಗೆ ಸುಲಭವಲ್ಲ ಮಕ್ಕಳೇ. ಸಣ್ಣ ಆನೆಮರಿಗಳು ಹಸಿವಿನಿಂದ ತಾಯಂದಿರ ಕಾಲಿಗೆ ಒರಗಿ ನಿಂತವು. ಆದರೂ ಒಂದೂ ಹಿಂದಕ್ಕೆ ಹೆಜ್ಜೆ ಇಡಲಿಲ್ಲ. ಊರಿನ ಬಡವರು, ತಮ್ಮ ಗುಡಿಸಲನ್ನು ಮುಟ್ಟದೆ ಬಂದ ಅತಿಥಿಗಳು ಇವರು ಅಂತ, ತಮ್ಮ ದನದ ಹುಲ್ಲಿನಲ್ಲೇ ಒಂದೊಂದು ಹೊರೆ ತಂದು ಹಾಕಿದರು. ಅದನ್ನು ಧನಗುಪ್ತ ಲೆಕ್ಕಕ್ಕೆ ಹಿಡಿದಿರಲಿಲ್ಲ.

ಎರಡನೆಯ ದಿನ ಹೆಜ್ಜೇನುಗಳು ಸಿಂಹಾಸನದ ಮೇಲಿನ ಛತ್ರಿಗೆ ಗೂಡು ಕಟ್ಟಿದವು. ಯಾರನ್ನೂ ಕಚ್ಚಲಿಲ್ಲ. ಸುಮ್ಮನೆ ಗುಂಯ್ ಅನ್ನುತ್ತಿದ್ದವು. ಅಷ್ಟಕ್ಕೇ ಆಸ್ಥಾನ ಖಾಲಿಯಾಯಿತು. ಅಡುಗೆಮನೆಗೆ ಮುಸುವಗಳು ಇಳಿದವು. ರಾಣಿ ಕೋಣೆಯ ಬಾಗಿಲು ಹಾಕಿಕೊಂಡು, ತವರಿಗೆ ಹೋಗುತ್ತೇನೆ, ಅಲ್ಲಿ ಕಾಡಿಲ್ಲ ಅಂತ ಒಳಗಿನಿಂದಲೇ ಹೇಳಿಕಳಿಸಿದಳು. ರಾಜ ಇನ್ನೊಮ್ಮೆ ಬಾಯಿ ತೆರೆದ. ಧನಗುಪ್ತ ಇನ್ನೊಮ್ಮೆ ತೋಳು ಹಿಡಿದ. ರಾಜ ಬಾಯಿ ಮುಚ್ಚಿಕೊಂಡ.

ಮೂರನೆಯ ದಿನ ಶನಿವಾರ. ಶನಿವಾರ ಶಿಲಾವರ್ಮನಿಗೆ ಎಣ್ಣೆಸ್ನಾನ. ಅದನ್ನು ಅವನು ಹುಟ್ಟಿದಾಗಿನಿಂದ ತಪ್ಪಿಸಿದವನಲ್ಲ. ತಲೆಯಿಂದ ಅಂಗಾಲಿನವರೆಗೆ ಹರಳೆಣ್ಣೆ ಹಚ್ಚಿಸಿಕೊಂಡು, ಒಂದು ತುಂಡುಬಟ್ಟೆ ಸುತ್ತಿಕೊಂಡು, ಕಣ್ಣು ಅರ್ಧ ಮುಚ್ಚಿ ಬಚ್ಚಲುಮನೆಗೆ ಹೋದ. ಹಂಡೆಯ ಕಡೆ ಕೈ ಚಾಚಿದ. ಹಂಡೆಯಲ್ಲಿ ಕರಡಿ ಕೂತಿತ್ತು. ಕೊಳದ ನೀರನ್ನು ಆನೆಗಳು ಕುಡಿದಿದ್ದರಿಂದ ಹಂಡೆ ಖಾಲಿ ಇತ್ತು, ತಣ್ಣಗಿದೆ ಅಂತ ಕರಡಿ ಮರಿಯನ್ನು ಮಡಿಲಲ್ಲಿ ಹಾಕಿಕೊಂಡು ಅದರಲ್ಲಿ ಸೇರಿಕೊಂಡಿತ್ತು. ಅದು ರಾಜನನ್ನು ನೋಡಿ ಆಕಳಿಸಿತು.

ರಾಜ ಬಂದ ದಾರಿಯಲ್ಲೇ ಓಡಿದ. ಎಣ್ಣೆಗಾಲು ಅಲ್ಲವೇ, ಅಂಗಳದಲ್ಲಿ ಜಾರಿದ. ಬಿದ್ದಲ್ಲಿಂದಲೇ ಬರೆಯುವವನನ್ನು ಕರೆದ. ಧನಗುಪ್ತ ಓಡಿಬಂದು ತೋಳು ಹಿಡಿಯಲು ನೋಡಿದ. ಆದರೆ ಎಣ್ಣೆಯ ತೋಳು ಕೈಗೆ ಸಿಗುತ್ತದೆಯೇ? ಜಾರಿಹೋಯಿತು.

“ಬರೆಯೋ,” ಅಂದ ರಾಜ. “ನನ್ನ ರಾಜ್ಯದಲ್ಲಿ ಕಾಡಿಲ್ಲ. ಎಂದೂ ಇರಲಿಲ್ಲ. ನನ್ನ ಅಜ್ಜನ ಕಾಲದಲ್ಲೂ ಇರಲಿಲ್ಲ. ಇದ್ದದ್ದು ಒಂದು ನುಗ್ಗೆಮರ, ಅದನ್ನೂ ಇವು ತಿಂದವು. ಈ ಕಾಡುಮೃಗಗಳನ್ನು ತಕ್ಷಣ ಕರೆಸಿಕೊಳ್ಳಬೇಕು ಅಂತ ಬರೆ.”

ಎಣ್ಣೆಯ ಹೆಬ್ಬೆರಳಿನಿಂದಲೇ ಮುದ್ರೆ ಒತ್ತಿದ. ಕುದುರೆಯವನು ಓಲೆ ತೆಗೆದುಕೊಂಡು ಹೊರಟ. ಹಳದಪ್ಪ ಅವನ ತಲೆಯ ಮೇಲೇ ಹಾರುತ್ತಾ ಹೋದ.

ಕುದುರೆ ಕಡಲತೀರದ ಪಟ್ಟಣ ಮುಟ್ಟಲು ಎರಡು ದಿನ ಬೇಕಾಯಿತು. ಮರುದಿನ ವನಸಭೆ ಸೇರಿತು. ಓಲೆಯನ್ನು ಗಟ್ಟಿಯಾಗಿ ಓದಿದರು. ಇದನ್ನು ಕೇಳಿಸಿಕೊಳ್ಳದ ಹಾಗೆ ಇರಲು ಅವರಿಗೆ ಆಸೆಯೇ. ಆದರೆ ಇದು ಹಕ್ಕಿಯ ಮಾತಲ್ಲ, ರಾಜನ ಮಾತು. ರಾಜನ ಮಾತನ್ನು ಒಪ್ಪಲೇಬೇಕು ಅಂತ ಅವರೇ ಬರೆದುಕೊಂಡಿದ್ದರು.

ಕೊನೆಗೆ ಒಬ್ಬ ಪ್ರತಿನಿಧಿ, ಹಾಗಾದರೆ ಆ ಹನ್ನೆರಡು ಸಾವಿರ ದಿಮ್ಮಿಗಳು ಎಲ್ಲಿ ಬೆಳೆದವು ಅಂತ ಕೇಳಿದ. ಇನ್ನೊಬ್ಬ ಎದ್ದು, ತಾನು ಒರಗಿ ಕೂತಿದ್ದ ಕಂಬದ ಹಿಂದೆ ಹೋಗಿ ನೋಡಿದ. ಕಂಬದ ಬುಡದಲ್ಲಿ ಮುದ್ದಾಗಿ ಮೂಡಿತ್ತು, ‘ಬೋಳುಗಲ್ಲಿನ ಕಾಡಿನಲ್ಲಿ ಬೆಳೆದದ್ದು’. ಒಬ್ಬೊಬ್ಬರೇ ಎದ್ದು ನೋಡಿದರು. ಎಲ್ಲ ಕಂಬಗಳಲ್ಲೂ ಅದೇ ಇತ್ತು.

ಸಭಾಪತಿ ಬೆವರು ಒರೆಸಿಕೊಂಡು, ಇದನ್ನು ಪರಿಶೀಲಿಸಲು ಒಂದು ಉಪಸಭೆ ಮಾಡೋಣ, ಮುಂದಿನ ವರ್ಷ ಅದು ವರದಿ ಕೊಡಲಿ ಅಂದರು. ಕಿಟಕಿಯ ಮೇಲೆ ಕೂತಿದ್ದ ಹಳದಪ್ಪ ರೆಕ್ಕೆ ಬಡಿದ. ಮಂಗಟ್ಟೆಯ ರೆಕ್ಕೆ ಬಡಿತ ಕೇಳಿದ್ದೀರಾ? ಬಿರುಗಾಳಿ ಬಂದ ಹಾಗಿರುತ್ತದೆ. ಓಲೆಗಳೆಲ್ಲ ಹಾರಾಡಿದವು.

“ಮುಂದಿನ ವರ್ಷದವರೆಗೆ ಬೋಳುಗಲ್ಲಿನಲ್ಲಿ ಜಾಗ ಸಾಲದು,” ಅಂದ ಹಳದಪ್ಪ. “ತುಂಗಜ್ಜಿ ಕೇಳಿಕಳಿಸಿದ್ದಾಳೆ. ನಮ್ಮ ಮರಗಳು ಇಲ್ಲಿ ಕಂಬಗಳಾಗಿ ನಿಂತಿವೆಯಂತೆ, ಹಾಗಾದರೆ ನಮ್ಮ ಕಾಡು ಇದೇ ಅಲ್ಲವೇ, ನಾವು ಇಲ್ಲಿಗೇ ಬರೋಣವೇ ಅಂತ.”

ನಿಜ ಹೇಳಬೇಕೆಂದರೆ ತುಂಗಜ್ಜಿ ಹಾಗೆ ಕೇಳಿರಲಿಲ್ಲ. ಅದನ್ನು ಹಳದಪ್ಪ ಅಲ್ಲೇ ಹುಟ್ಟಿಸಿದ. ಆದರೆ ಒಂಬತ್ತು ಪ್ರತಿನಿಧಿಗಳೂ ಒಟ್ಟಿಗೆ ಬಾಗಿಲ ಕಡೆ ನೋಡಿದರು. ಊಟದ ಹೊತ್ತಿಗೆ ತೀರ್ಪು ಸಿದ್ಧವಾಯಿತು. 'ಬೋಳುಗಲ್ಲಿನ ಮುದ್ರೆ ರದ್ದು. ಆ ಮುದ್ರೆಯ ದಿಮ್ಮಿಯನ್ನು ಇನ್ನು ಯಾರೂ ಕೊಳ್ಳಬಾರದು.'

ಹಳದಪ್ಪ ತೀರ್ಪಿನ ಓಲೆಯನ್ನು ಕೊಕ್ಕಿನಲ್ಲಿ ಕಚ್ಚಿಕೊಂಡು ಹಾರಿದ. ದಾರಿಯಲ್ಲಿ ಹಣ್ಣು ಕಂಡರೂ ಬಾಯಿ ತೆರೆಯಲಿಲ್ಲ, ತೆರೆದರೆ ಓಲೆ ಬೀಳುತ್ತದಲ್ಲ. ಎದುರುಗಾಳಿ ಬೇರೆ. ಒಂದು ದಿನದ ದಾರಿ ಎರಡು ದಿನವಾಯಿತು. ಹುಣ್ಣಿಮೆ ಕಳೆದುಹೋಯಿತು.

ಮರುದಿನ ಬೆಳಿಗ್ಗೆ ಅವನು ಕಾಡು ಮುಟ್ಟುವಾಗ ಕೊಡಲಿಯ ಸದ್ದು ಕೇಳಿಸಿತು. ನಂದಿಮರದ ಬುಡದಲ್ಲಿ ಮೂರು ಏಟು ಬಿದ್ದಿತ್ತು. ಬಿಳಿಯ ಚಕ್ಕೆಗಳು ನೆಲದ ಮೇಲೆ ಹಾರಿದ್ದವು. ಮರದ ಒಳಗಿನಿಂದ ಕೆಂಚವ್ವ ಕೊಡಲಿಯವರ ಮೂರು ತಲೆಮಾರನ್ನು ಹೆಸರು ಹಿಡಿದು ಬೈಯುತ್ತಿದ್ದಳು. ಹೆದರಿದ್ದಳೋ ಏನೋ, ದನಿಯಲ್ಲಿ ಮಾತ್ರ ಅದು ಇರಲಿಲ್ಲ.

ಹಳದಪ್ಪ ನಾಲ್ಕನೆಯ ಏಟಿಗೂ ಮರಕ್ಕೂ ನಡುವೆ ಇಳಿದ. ಕೊಡಲಿ ಅವನ ಬಾಲದ ಒಂದು ಗರಿ ಕತ್ತರಿಸಿ ನಿಂತಿತು. ಅವನು ಓಲೆಯನ್ನು ಗುಡ್ಡಯ್ಯನ ಕಾಲಬಳಿ ಇಟ್ಟ. ಗುಡ್ಡಯ್ಯ ಅದನ್ನು ಎತ್ತಿಕೊಂಡು, ಅಕ್ಷರ ಕೂಡಿಸಿ ಕೂಡಿಸಿ ಓದಿದ. ಓದಿ ಮರವನ್ನು ಮೇಲಿಂದ ಕೆಳಗೆ ನೋಡಿದ.

“ಮುದ್ರೆ ಬೀಳುವುದಿಲ್ಲ ಅಂದಮೇಲೆ ಇದನ್ನು ಕೆಡವಿ ಏನು ಮಾಡಲಿ?” ಅಂದ. “ನನ್ನ ಒಲೆಗೆ ಇದು ದೊಡ್ಡದಾಯಿತು. ಒಳಗಿರುವ ತಾಯಿಗೆ ಬೈಗುಳ ನಿಲ್ಲಿಸಲು ಹೇಳಪ್ಪ, ಹೊರಟೆವು.”

ಕೊಡಲಿ ಹೆಗಲಿಗೇರಿತು. ಮರ ನಿಂತಿತು.

ಬೋಳುಗಲ್ಲಿನ ಕಟ್ಟೆಯಲ್ಲಿ ಧನಗುಪ್ತನ ದಿಮ್ಮಿಗಳು ಕೊಳ್ಳುವವರಿಲ್ಲದೆ ಕೊಳೆತವು. ಅವನು ಊರು ಬಿಟ್ಟು ಬೇರೆ ರಾಜರ ಕಿವಿ ಹುಡುಕಿಕೊಂಡು ಹೋದ, ಆದರೆ ಎಣ್ಣೆಯ ಓಲೆಯ ಸುದ್ದಿ ಅವನಿಗಿಂತ ಮುಂಚೆಯೇ ಎಲ್ಲ ಕಡೆ ತಲುಪಿತ್ತು. ಶಿಲಾವರ್ಮನ ಮುದ್ರೆಯ ಸುತ್ತಿಗೆಯನ್ನು ಕಿತ್ತುಕೊಂಡರು. ಸೋಮರಸನ ಶಾಲನ್ನೂ ವಾಪಸು ಕೇಳಿದರು. ಆನೆಗಳು ಬಡವರ ಹುಲ್ಲಿನ ಋಣಕ್ಕೆ ಅವರ ಹೊಲಗಳ ಬಂಡೆ ಸರಿಸಿಕೊಟ್ಟು ಕಾಡಿಗೆ ಮರಳಿದವು. ಹೊಸ ಗರಿ ಬಂದಮೇಲೆ ಕೆಂಚವ್ವ ಬಾಗಿಲು ಒಡೆದು ಹೊರಗೆ ಬಂದಳು.

ವನಸಭೆ ಹನ್ನೆರಡನೆಯ ನಿಯಮ ಬರೆಯಿತು. ಮುದ್ರೆ ಬೀಳುವ ಮೊದಲು ಸಭೆಯ ಒಬ್ಬ ಅಧಿಕಾರಿ ಮರದ ಬುಡಕ್ಕೇ ಬಂದು ನೋಡಬೇಕು, ಅಲ್ಲಿ ಬಾಳುವವರನ್ನು ಕೇಳಬೇಕು. ಮೊದಲ ಅಧಿಕಾರಿ ಪಲ್ಲಕ್ಕಿಯಲ್ಲಿ ಬಂದ. ಕಾಡಿನ ಅಂಚಿನಲ್ಲಿ ಪರದೆ ಸರಿಸಿ ನೋಡಿ, ಇಲ್ಲಿಂದಲೇ ಕಾಣುತ್ತದೆ, ಹಸಿರಾಗಿದೆ, ಇಷ್ಟು ಸಾಕು ಅಂದ.

ಅವನ ಎದುರಿಗೆ ದಾರಿಯ ಮೇಲೆ ತುಂಗಜ್ಜಿ ನಿಂತಿದ್ದಳು. ಅವಳ ಬೆನ್ನ ಮೇಲೆ ಹಳದಪ್ಪ ಮತ್ತು ಕೆಂಚವ್ವ, ನಡುವೆ ಮರಿ.

“ಸಾಲದು,” ಅಂದಳು ಕೆಂಚವ್ವ. “ಇಳಿದು ನಡೆದು ಬನ್ನಿ.”

ಅಧಿಕಾರಿ ತುಂಗಜ್ಜಿಯನ್ನು ನೋಡಿದ. ಇಳಿದ. ನಡೆದ. ಒಳಗೆ ಹೋದ ಹಾಗೆ ಕಡಿದ ಬುಡಗಳು ಒಂದೊಂದಾಗಿ ಕಾಣಿಸಿದವು. ಮಧ್ಯಾಹ್ನದವರೆಗೂ ನಡೆದ, ಆದರೂ ಬುಡಗಳು ಮುಗಿಯಲಿಲ್ಲ. ಕೊನೆಗೆ ಅವನು ಒಂದು ಬುಡದ ಮೇಲೆ ಕೂತು, ನಮಗೆ ಇದು ಗೊತ್ತಿರಲಿಲ್ಲ ಅಂದ. ಗೊತ್ತಾಗಲು ಬರಬೇಕಿತ್ತು ಅಂದಳು ಕೆಂಚವ್ವ.

ಇದರ ನೀತಿಯನ್ನು ಬಿಡಿಸಿ ಹೇಳಿಬಿಡುತ್ತೇನೆ, ಯಾರಿಗೂ ತಪ್ಪಿಹೋಗಬಾರದು. ದೂರದಲ್ಲಿ ಕೂತು ಬರೆದ ನಿಯಮ ದಿಮ್ಮಿಯ ಮೇಲಿನ ಮುದ್ರೆಯನ್ನು ಮಾತ್ರ ನೋಡುತ್ತದೆ, ಕಡಿದ ಬುಡವನ್ನು ನೋಡುವುದಿಲ್ಲ. ಅಂಥ ನಿಯಮ ಕಳ್ಳನಿಗೆ ಕೊಡೆಯಾಗುತ್ತದೆ, ಕಾಡಿಗೆ ನೆರಳಾಗುವುದಿಲ್ಲ. ನಿಮ್ಮ ಮರಕ್ಕೆ ಯಾರಾದರೂ ಸುಣ್ಣದ ಬೊಟ್ಟು ಇಟ್ಟರೆ, ಮೊದಲು ಹೋಗಿ ಕೇಳಿ. ಕೇಳಿದ್ದಕ್ಕೆ ಉತ್ತರ ಬರದಿದ್ದರೆ ಬೇಡುತ್ತಾ ಕೂರಬೇಡಿ. ಅವರೇ ಬರೆದ ಮಾತನ್ನು ಕೈಯಲ್ಲಿ ಹಿಡಿದು, ಎಲ್ಲರೂ ಒಟ್ಟಾಗಿ, ತಲೆ ಎತ್ತಿಕೊಂಡು ಅವರ ಅಂಗಳಕ್ಕೇ ಹೋಗಿ ನಿಲ್ಲಿ.